ಅಗ್ಗದ ಫ್ರೀಕ್ವೆನ್ಸಿ ಕೌಂಟರನ್ನು ನಂಬುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲವು ನೂರು ರೂಪಾಯಿಗಳಿಗೆ ಅಂಚೆಯಲ್ಲಿ ಮನೆಗೆ ಬರುವ ಫ್ರೀಕ್ವೆನ್ಸಿ ಕೌಂಟರ್ (ವಿದ್ಯುತ್ ಸಂಕೇತ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು, ಅಂದರೆ ಅದರ ಕಂಪನಾಂಕವನ್ನು, ಅಳೆಯುವ ಉಪಕರಣ) ಕಿಟ್‌ಗಳ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೇಳಿದವರು ಬೇರೆ ಬೇರೆ, ಕೆಲಸವೂ ಬೇರೆ ಬೇರೆ; ಆದರೆ ಗೊಂದಲದ ಬೇರು ಒಂದೇ. ಕೌಂಟರ್ ಮಾಡುವುದು ಎರಡೇ ಕೆಲಸ: ಒಳಗೆ ಬಂದ ಅಲೆಗಳನ್ನು ಎಣಿಸುವುದು, ಮತ್ತು ಎಷ್ಟು ಹೊತ್ತು ಎಣಿಸಬೇಕೆಂಬುದನ್ನು ತನ್ನೊಳಗಿನ ಕ್ರಿಸ್ಟಲನ್ನು (ನಿಯತ ವೇಗದಲ್ಲಿ ಕಂಪಿಸುವ ಸ್ಫಟಿಕದ ಬಿಲ್ಲೆಯನ್ನು) ನೋಡಿ ತೀರ್ಮಾನಿಸುವುದು. ಇವೆರಡರಲ್ಲಿ ಯಾವುದು ಕೆಟ್ಟರೂ ಅಂಕಿಗಳು ಮಾತ್ರ ಅಷ್ಟೇ ಠೀವಿಯಿಂದ ಉರಿಯುತ್ತಿರುತ್ತವೆ. ಆದ್ದರಿಂದ ಪರೀಕ್ಷೆಯೂ ಎರಡಾಗಬೇಕು, ಮತ್ತು ಎಣಿಕೆಯ ಪರೀಕ್ಷೆ ಮೊದಲು ನಡೆಯಬೇಕು. ಎಣಿಕೆಯೇ ತಪ್ಪಾಗಿರುವಾಗ ಕ್ರಿಸ್ಟಲಿನ ಟ್ರಿಮ್ಮರ್ (ಅದರ ವೇಗವನ್ನು ತುಸು ಹೆಚ್ಚುಕಡಿಮೆ ಮಾಡುವ, ತಿರುಗಿಸಬಲ್ಲ ಸಣ್ಣ ಕೆಪಾಸಿಟರ್) ತಿರುಗಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಐದು ಅಂಕಿಗಳ, 50 ಮೆಗಾಹರ್ಟ್ಸ್‌ವರೆಗೆ ಅಳೆಯುವ ಕೌಂಟರ್ ಕಿಟ್ಟನ್ನು ಬೆಸುಗೆ ಹಾಕಿ ಮುಗಿಸಿದ್ದೇನೆ. ಏನನ್ನೂ ಜೋಡಿಸದೆ ಇದ್ದಾಗ ಅದು ಯಾವ್ಯಾವುದೋ ಸಂಖ್ಯೆಗಳನ್ನು ತೋರಿಸುತ್ತದೆ. ಆದರೆ 10 ಮೆಗಾಹರ್ಟ್ಸ್ ಅಲೆ ಹುಟ್ಟಿಸುವ ಆಸಿಲೇಟರ್ ಮಾಡ್ಯೂಲ್ ಜೋಡಿಸಿದರೆ ಸರಿಯಾಗಿ 10.000 ಎಂದು ತೋರಿಸುತ್ತದೆ. ಹಾಗಾದರೆ ನನ್ನ ಕೌಂಟರ್ ನಿಖರವಾಗಿದೆ ಎಂದು ತಿಳಿಯಬಹುದೇ?
— ಓದುಗ, ಬದಿಯಡ್ಕ

ಉತ್ತರ: ನೀವು ವಿವರಿಸಿರುವುದು ಪಿಕ್ 16ಎಫ್628ಎ ಮೈಕ್ರೊಕಂಟ್ರೋಲರ್ ಮತ್ತು 20 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಕಿಟ್ ಎಂದು ತೋರುತ್ತದೆ. ಡಿಎಲ್4ವೈಎಚ್‌ಎಫ್ ಎಂಬ ಕರೆಸಂಕೇತದ ಜರ್ಮನಿಯ ಹವ್ಯಾಸಿ ರೇಡಿಯೊ ಬಳಕೆದಾರರೊಬ್ಬರು ರೂಪಿಸಿ ಎಲ್ಲರಿಗೂ ತೆರೆದಿಟ್ಟ ವಿನ್ಯಾಸ ಅದು. ಇಂದು ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಿಟ್‌ಗಳಲ್ಲಿ ಬಹಳಷ್ಟು ಅದರ ನಕಲುಗಳು.

ಇನ್‌ಪುಟ್ ಖಾಲಿ ಇರುವಾಗ ಸಂಖ್ಯೆಗಳು ಕುಣಿಯುವುದು ದೋಷವಲ್ಲ. ಸಣ್ಣ ಸಂಕೇತವನ್ನೂ ಹಿಡಿಯಬೇಕೆಂದು ಇನ್‌ಪುಟ್ಟಿನ ಟ್ರಾನ್ಸಿಸ್ಟರನ್ನು ಸೂಕ್ಷ್ಮ ಸ್ಥಿತಿಯಲ್ಲಿ ನಿಲ್ಲಿಸಿರುತ್ತಾರೆ. ಕ್ರಿಸ್ಟಲ್ ಪರೀಕ್ಷಿಸುವ ಆಸಿಲೇಟರ್ ಭಾಗವೂ ಅದೇ ದಾರಿಗೆ ಸೇರಿರುತ್ತದೆ. ಜೋಡಣೆಯಿಲ್ಲದಾಗ ಅದು ತನ್ನದೇ ಡಿಸ್‌ಪ್ಲೇಯ ಗದ್ದಲವನ್ನೋ ಪಕ್ಕದ ಎಲ್‌ಇಡಿ ಬಲ್ಬಿನ ಡ್ರೈವರಿನ ಗದ್ದಲವನ್ನೋ ಎಣಿಸುತ್ತಿರುತ್ತದೆ. ಇನ್‌ಪುಟ್ಟನ್ನು ಗಿಡ್ಡ ತಂತಿಯಿಂದ ಗ್ರೌಂಡಿಗೆ ಜೋಡಿಸಿ ನೋಡಿ. ಆಗಲೂ ಸಂಖ್ಯೆ ಸೊನ್ನೆಗೆ ಇಳಿಯದಿದ್ದರೆ ಬೆಸುಗೆಯನ್ನೂ 5 ವೋಲ್ಟ್ ಕೊಡುವ 7805 ರೆಗ್ಯುಲೇಟರಿನ ಎರಡು ಬದಿಯ ಕೆಪಾಸಿಟರ್‌ಗಳನ್ನೂ ಪರಿಶೀಲಿಸಬೇಕು.

ಎರಡನೆಯ ಭಾಗ ಹೆಚ್ಚು ಮುಖ್ಯವಾದದ್ದು. ಐದು ಅಂಕಿಗಳಲ್ಲಿ 10.000 ಎಂದು ಕಾಣಿಸಿದಾಗ ಕೊನೆಯ ಅಂಕಿಯ ಬೆಲೆ 1 ಕಿಲೊಹರ್ಟ್ಸ್. 10 ಮೆಗಾಹರ್ಟ್ಸ್‌ನಲ್ಲಿ 1 ಕಿಲೊಹರ್ಟ್ಸ್ ಎಂದರೆ ಹತ್ತು ಸಾವಿರದಲ್ಲಿ ಒಂದು ಭಾಗ, ಅಂದರೆ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಭಾಗ). ಸಾಮಾನ್ಯ ಕ್ರಿಸ್ಟಲ್ ಯಾವ ಹೊಂದಾಣಿಕೆಯೂ ಇಲ್ಲದೆ ಬರೀ ಬೆಸುಗೆ ಹಾಕಿದ ಮಾತ್ರಕ್ಕೆ ಇದಕ್ಕಿಂತ ಹತ್ತಿರವೇ ಇರುತ್ತದೆ. ಹೀಗಾಗಿ 10.000 ಎಂಬ ಓದಿನಿಂದ ನಿಮಗೆ ತಿಳಿದದ್ದು, ಕಿಟ್ ಜೀವಂತವಾಗಿದೆ, ಸರಿಯಾದ ಕ್ರಿಸ್ಟಲ್ ಕೂತಿದೆ, ಭಾಗಾಕಾರದಲ್ಲಿ ತಪ್ಪಿಲ್ಲ ಎಂಬಿಷ್ಟೇ. ಅದಕ್ಕೂ ಮಿಗಿಲಾಗಿ, ನೀವು ಅಳತೆಗೋಲಾಗಿ ಬಳಸಿದ ಬೆಳ್ಳಿಬಣ್ಣದ ಡಬ್ಬಿಯ ಆಸಿಲೇಟರಿಗೂ 50 ಅಥವಾ 100 ಪಿಪಿಎಂ ಸಡಿಲ ಇರುವುದು ಸಾಮಾನ್ಯ. ಅಳೆದ ಕೋಲೂ ಅಳತೆಗೊಳಗಾದ ಬಟ್ಟೆಯೂ ಒಂದೇ ಅಂಗಡಿಯವಾದರೆ ಎರಡೂ ಒಪ್ಪಿದವೆಂದು ಹಿಗ್ಗಬೇಕಾಗಿಲ್ಲ.

ಅಂದಮೇಲೆ ಪರೀಕ್ಷೆಗೆ 10 ಮೆಗಾಹರ್ಟ್ಸ್ ಆರಿಸುವುದೇ ಈ ಕಿಟ್ಟಿನ ಮಟ್ಟಿಗೆ ಒಳ್ಳೆಯ ಆಯ್ಕೆಯಲ್ಲ. 10 ಮೆಗಾಹರ್ಟ್ಸ್‌ಗೆ ಸ್ವಲ್ಪ ಕೆಳಗೆ ಬಂದರೆ ದಶಮಾಂಶ ಬಿಂದು ಒಂದು ಸ್ಥಾನ ಎಡಕ್ಕೆ ಸರಿದು, ಕೊನೆಯ ಅಂಕಿಯ ಬೆಲೆ 100 ಹರ್ಟ್ಸ್ ಆಗುತ್ತದೆ. ಉದಾಹರಣೆಗೆ 8 ಮೆಗಾಹರ್ಟ್ಸ್ ಸಂಕೇತ 8.0000 ಎಂದು ಕಾಣುತ್ತದೆ. ಅಲ್ಲಿ ಕೊನೆಯ ಅಂಕಿ ಎಂದರೆ 12.5 ಪಿಪಿಎಂ. ಅದೇ ಕೌಂಟರ್, ಅದೇ ಟ್ರಿಮ್ಮರ್. ಪರೀಕ್ಷೆಯ ಸೂಕ್ಷ್ಮತೆ ಮಾತ್ರ ಎಂಟು ಪಟ್ಟು ಹೆಚ್ಚಾಯಿತು. ಕೆಳಗೆ ಮಂಜೇಶ್ವರದ ಅಧ್ಯಾಪಕರಿಗೆ ಕೊಟ್ಟ ಉತ್ತರದಲ್ಲಿ ಇದರ ಉಪಯೋಗವನ್ನು ನೋಡಬಹುದು. ಇನ್ನೊಂದು ಸಣ್ಣ ವಿಷಯ: ಈ ಕಿಟ್ಟಿನಲ್ಲಿ ಬಿಂದು ಮಿನುಗುತ್ತಿದ್ದರೆ ಓದು ಕಿಲೊಹರ್ಟ್ಸ್‌ನಲ್ಲಿದೆ, ಸ್ಥಿರವಾಗಿ ಉರಿಯುತ್ತಿದ್ದರೆ ಮೆಗಾಹರ್ಟ್ಸ್‌ನಲ್ಲಿದೆ ಎಂದು ಅರ್ಥ. ಸಾವಿರ ಪಟ್ಟು ತಪ್ಪಿದೆ ಎಂದು ದೂರುವವರಲ್ಲಿ ಹೆಚ್ಚಿನವರು ಇದನ್ನು ಗಮನಿಸಿರುವುದಿಲ್ಲ.

ಪ್ರಶ್ನೆ: ಹಳೆಯ ಆಟಿಕೆ ಕಾರಿನ ರಿಮೋಟಿನಿಂದ ತೆಗೆದ 27 ಮೆಗಾಹರ್ಟ್ಸ್ ಕ್ರಿಸ್ಟಲನ್ನು ಕೌಂಟರಿನ ಕ್ರಿಸ್ಟಲ್ ಸಾಕೆಟ್ಟಿಗೆ ಹಾಕಿದರೆ 9 ಮೆಗಾಹರ್ಟ್ಸ್ ತೋರಿಸುತ್ತದೆ. ಕೌಂಟರ್ ಕೆಟ್ಟಿದೆಯೇ, ಕ್ರಿಸ್ಟಲ್ ಕೆಟ್ಟಿದೆಯೇ?
— ಓದುಗ, ನೀರ್ಚಾಲು

ಉತ್ತರ: ಎರಡೂ ಕೆಟ್ಟಿಲ್ಲ. ಕಂಪನಾಂಕ ಹೆಚ್ಚಿದಂತೆ ಸ್ಫಟಿಕದ ಬಿಲ್ಲೆ ತೆಳುವಾಗಬೇಕಾಗುವುದರಿಂದ, ಹೆಚ್ಚಿನ ಕಂಪನಾಂಕದ ಕ್ರಿಸ್ಟಲ್‌ಗಳನ್ನು ಮೂರನೆಯ ಓವರ್‌ಟೋನಿನಲ್ಲಿ, ಅಂದರೆ ಮೂಲ ಕಂಪನದ ಸುಮಾರು ಮೂರು ಪಟ್ಟಿನಲ್ಲಿ, ಕೆಲಸ ಮಾಡುವಂತೆ ತಯಾರಿಸುವುದು ವಾಡಿಕೆ. ರಿಮೋಟಿನ ಸರ್ಕ್ಯೂಟಿನಲ್ಲಿರುವ ಕಾಯಿಲ್ ಅದನ್ನು ಮೂರನೆಯ ಓವರ್‌ಟೋನಿನಲ್ಲಿ ಕಂಪಿಸುವಂತೆ ಹಿಡಿದಿಡುತ್ತದೆ; ಕೌಂಟರಿನ ಸರಳ ಆಸಿಲೇಟರಿನಲ್ಲಿ ಅಂಥ ಕಾಯಿಲ್ ಇಲ್ಲದ್ದರಿಂದ ಕ್ರಿಸ್ಟಲ್ ತನ್ನ ಮೂಲ ಕಂಪನಕ್ಕೆ ಇಳಿಯುತ್ತದೆ. 48 ಎಂದು ಬರೆದ ಕ್ರಿಸ್ಟಲ್ 16 ತೋರಿಸಿದರೂ ಕಾರಣ ಇದೇ.

ಇದೇ ಸಾಕೆಟ್ಟಿನಲ್ಲಿ 4 ಮೆಗಾಹರ್ಟ್ಸ್ ಕ್ರಿಸ್ಟಲ್ 3.9990 ಎಂದೋ 4.0010 ಎಂದೋ ತೋರಿಸಿದರೂ ಗಾಬರಿಯಾಗಬೇಡಿ. ಕ್ರಿಸ್ಟಲಿನ ಮೇಲೆ ಬರೆದ ಸಂಖ್ಯೆ ನಿರ್ದಿಷ್ಟ ಲೋಡ್ ಕೆಪಾಸಿಟನ್ಸಿಗೆ (ಸರ್ಕ್ಯೂಟಿನಿಂದ ಕ್ರಿಸ್ಟಲಿಗೆ ತಗಲುವ ಕೆಪಾಸಿಟನ್ಸಿಗೆ) ಸಂಬಂಧಿಸಿದ್ದು. ಈ ಆಸಿಲೇಟರಿನ ಕೆಪಾಸಿಟನ್ಸ್ ಅದಲ್ಲ. ಈ ಸಾಕೆಟ್ ಕ್ರಿಸ್ಟಲ್ ಬದುಕಿದೆಯೇ ಸತ್ತಿದೆಯೇ ಎಂದು ತಿಳಿಯಲು, ಒಂದೇ ಬಗೆಯ ಹಲವು ಕ್ರಿಸ್ಟಲ್‌ಗಳಲ್ಲಿ ಪರಸ್ಪರ ಹತ್ತಿರ ಇರುವವನ್ನು ಹೆಕ್ಕಿಕೊಳ್ಳಲು ಉಪಯುಕ್ತ. ಕೌಂಟರನ್ನು ಹೊಂದಿಸಲು ಇದನ್ನು ಆಧಾರವಾಗಿ ಬಳಸಬಾರದು.

ಪ್ರಶ್ನೆ: ರೇಡಿಯೊ ರಿಪೇರಿ ಮಾಡುತ್ತೇನೆ. ಮೀಡಿಯಂ ವೇವ್ ಸೆಟ್ಟಿನ ಆಸಿಲೇಟರಿಗೆ ಕೌಂಟರಿನ ತಂತಿ ಮುಟ್ಟಿಸಿದ ಕೂಡಲೇ ನಿಲ್ದಾಣ ಮಾಯವಾಗುತ್ತದೆ, ಓದು ಕೂಡ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. ಬೇರೆ ಕೆಲವು ಸೆಟ್ಟುಗಳಲ್ಲಿ ಸರಿಯಾದ ಸಂಖ್ಯೆಯ ಇಮ್ಮಡಿ ತೋರಿಸುತ್ತದೆ. ಇದನ್ನು ಬಳಸುವ ಸರಿಯಾದ ಕ್ರಮ ಯಾವುದು?
— ಓದುಗರು, ಕುಂಬಳೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಮತ್ತು ಎರಡೂ ಎಣಿಕೆಯ ಬದಿಯವೇ, ಕೌಂಟರಿನ ಕ್ರಿಸ್ಟಲನ್ನು ಮುಟ್ಟುವ ಅಗತ್ಯವಿಲ್ಲ.

ಮೊದಲನೆಯದು ತಂತಿಯ ಭಾರ. ಸಾಮಾನ್ಯ ಕೊಆಕ್ಸಿಯಲ್ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಅರ್ಧ ಮೀಟರ್ ಕೇಬಲನ್ನು ಆಸಿಲೇಟರಿನ ಗ್ಯಾಂಗ್ ಕಂಡೆನ್ಸರಿಗೆ ಅಡ್ಡಲಾಗಿ ಜೋಡಿಸುವುದೆಂದರೆ ಗ್ಯಾಂಗಿಗೆ 50 ಪಿಕೊಫ್ಯಾರಡ್ ಹೆಚ್ಚುವರಿಯಾಗಿ ಸೇರಿಸಿದಂತೆ. ಆಸಿಲೇಟರ್ ಕೆಳಗಿಳಿಯುತ್ತದೆ, ನಿಲ್ದಾಣ ಕೈತಪ್ಪುತ್ತದೆ, ಮತ್ತು ಕೌಂಟರ್ ತೋರಿಸುವ ಕಡಿಮೆ ಸಂಖ್ಯೆ ಆ ಕ್ಷಣಕ್ಕೆ ನಿಜವೇ ಆಗಿರುತ್ತದೆ. ಪರಿಹಾರವೆಂದರೆ ಆಸಿಲೇಟರನ್ನು ನೇರವಾಗಿ ಮುಟ್ಟದೆ ಇರುವುದು. ಇನ್ಸುಲೇಶನ್ ಇರುವ ತಂತಿಯನ್ನು ಎರಡು ಮೂರು ಸುತ್ತು ಸುತ್ತಿ, ಟ್ರಾನ್ಸಿಸ್ಟರ್ ಸೆಟ್ಟಿನ ಕೆಂಪು ಕೋರಿನ ಆಸಿಲೇಟರ್ ಕಾಯಿಲಿನ ಹತ್ತಿರ ಇಡಿ. ಹಳದಿ, ಬಿಳಿ, ಕಪ್ಪು ಕೋರಿನವು ಐಎಫ್ (ಸೆಟ್ಟಿನೊಳಗಿನ ಮಧ್ಯಂತರ ಕಂಪನಾಂಕ) ಟ್ರಾನ್ಸ್‌ಫಾರ್ಮರ್‌ಗಳೆಂಬುದು ನಿಮಗೆ ಹೇಳಬೇಕಾದ ಮಾತಲ್ಲ. ಹೀಗೆ ಸಿಗುವ ಸಂಕೇತ ಕ್ಷೀಣವಾಗಿದ್ದು ಕಿಟ್ ಎಣಿಸಲಾಗದೆ ಹೋದರೆ, ಜೆ310 ಅಥವಾ ಬಿಎಫ್245 ನಂತಹ ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಒಂದನ್ನು ಸೋರ್ಸ್ ಫಾಲೋವರ್ ಆಗಿ ಪ್ರೋಬಿನ ತುದಿಯಲ್ಲೇ ಕಟ್ಟಿ, ಕೇಬಲನ್ನು ಅದರ ಆಚೆಗೆ ಜೋಡಿಸಿ. ಕೇಬಲಿನ ಭಾರವನ್ನು ಆಗ ಫೆಟ್ ಹೊರುತ್ತದೆ, ಆಸಿಲೇಟರ್ ಅಲ್ಲ. ಆಸಿಲೇಟರ್ ಟ್ರಾನ್ಸಿಸ್ಟರಿನ ಎಮಿಟರಿನಿಂದ 4.7 ಪಿಕೊಫ್ಯಾರಡ್‌ನಂಥ ಸಣ್ಣ ಕೆಪಾಸಿಟರ್ ಮೂಲಕ ತೆಗೆದುಕೊಳ್ಳುವುದೂ ಒಳ್ಳೆಯ ದಾರಿ. ಕೌಂಟರ್ ಜೋಡಿಸಿದಾಗಲೂ ತೆಗೆದಾಗಲೂ ನಿಲ್ದಾಣದ ಧ್ವನಿ ಒಂದೇ ರೀತಿ ಕೇಳುತ್ತಿದ್ದರೆ ಜೋಡಣೆ ಸಾಕಷ್ಟು ಹಗುರವಾಗಿದೆ ಎಂದು ತಿಳಿಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಇಮ್ಮಡಿ ಎಣಿಕೆಯ ಕಾರಣ ಅಲೆಯ ಆಕಾರ ಮತ್ತು ಬಲ. ಸಂಕೇತ ಅತಿಯಾದಾಗ, ಅಥವಾ ಅದರಲ್ಲಿ ಎರಡನೆಯ ಹಾರ್ಮೋನಿಕ್ (ಇಮ್ಮಡಿ ಕಂಪನಾಂಕದ ಅಂಶ) ಹೆಚ್ಚಾಗಿದ್ದಾಗ, ಒಂದೇ ಅಲೆ ಎಣಿಕೆಯ ಗೆರೆಯನ್ನು ಎರಡು ಬಾರಿ ದಾಟುತ್ತದೆ. ಸಂಕೇತ ತೀರಾ ಕಡಿಮೆಯಾದಾಗ ಕೆಲವು ಅಲೆಗಳು ಗೆರೆಯನ್ನು ತಲುಪುವುದೇ ಇಲ್ಲ, ಆಗ ಓದು ಕಡಿಮೆಯಾಗಿ ಕುಣಿಯುತ್ತದೆ. ಇವೆರಡರ ನಡುವೆ ಸಂಕೇತದ ಬಲ ಬದಲಾದರೂ ಓದು ಬದಲಾಗದ ಒಂದು ಸಮತಟ್ಟಾದ ವಲಯ ಇರುತ್ತದೆ. ಅದನ್ನು ಹುಡುಕುವುದೇ ಇನ್‌ಪುಟ್ ಪರೀಕ್ಷೆ. ಕೌಂಟರಿನ ಇನ್‌ಪುಟ್ಟಿಗೆ 1 ಕಿಲೊಓಮಿನ ಪಾಟ್ (ವಾಲ್ಯೂಮ್ ಗುಂಡಿಯಂತೆ ತಿರುಗಿಸುವ ರೆಸಿಸ್ಟರ್) ಒಂದನ್ನು ಜೋಡಿಸಿ, ಸೊನ್ನೆಯಿಂದ ನಿಧಾನವಾಗಿ ಮೇಲೇರಿಸುತ್ತ ಬನ್ನಿ. ಓದು ಮೊದಲು ತಡಕಾಡಿ, ಬಳಿಕ ಗಟ್ಟಿಯಾಗಿ ನಿಂತು, ಕೊನೆಗೆ ಬೇರೆ ಸಂಖ್ಯೆಗೆ ಹಾರಿದರೆ, ಪಾಟನ್ನು ಗಟ್ಟಿಯಾಗಿ ನಿಂತ ಭಾಗದ ನಡುವಿನಲ್ಲಿ ಬಿಡಬೇಕು. ಸಮತಟ್ಟು ಭಾಗವೇ ಸಿಗದ ಸಂಕೇತದ ಓದನ್ನು, ಅದು ಎಷ್ಟೇ ಸ್ಥಿರವಾಗಿ ಕಂಡರೂ, ಪುಸ್ತಕದಲ್ಲಿ ಬರೆದುಕೊಳ್ಳಬೇಡಿ.

ಲೆಕ್ಕದ ವಿಷಯ: ಮುಳ್ಳು 1089 ಕಿಲೊಹರ್ಟ್ಸ್‌ನಲ್ಲಿ, ಅಂದರೆ ನಮ್ಮ ಕಡೆಯ ಹಿರಿಯ ಕೇಳುಗರಿಗೆ ಗೊತ್ತಿರುವ ಮಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಜಾಗದಲ್ಲಿ ಇದ್ದರೆ, 455 ಕಿಲೊಹರ್ಟ್ಸ್ ಐಎಫ್ ಇರುವ ಸೆಟ್ಟಿನ ಆಸಿಲೇಟರ್ ಎರಡರ ಮೊತ್ತವಾದ 1544 ಕಿಲೊಹರ್ಟ್ಸ್‌ನಲ್ಲಿ ಇರಬೇಕು. ಈ ಕಿಟ್ಟಿನಲ್ಲಿ ಐಎಫ್ ಸಂಖ್ಯೆಯನ್ನು ಕಳೆದು ತೋರಿಸುವ ಸೌಲಭ್ಯವೂ ಇದೆ. ಆದರೆ ಸೆಟ್ಟಿನ ಐಎಫ್ 455 ಕ್ಕೆ ಸರಿಯಾಗಿ ಕೂತಿಲ್ಲದಿದ್ದರೆ ಆ ತಪ್ಪು ನೇರವಾಗಿ ಓದಿನಲ್ಲಿ ಸೇರುತ್ತದೆ. ಎಫ್‌ಎಂ ಸೆಟ್ಟಿಗೆ ಈ ಕೌಂಟರ್ ನೇರವಾಗಿ ಆಗದು: ಮಂಗಳೂರಿನ 100.3 ಮೆಗಾಹರ್ಟ್ಸ್‌ಗೆ ಆಸಿಲೇಟರ್ ಸಾಮಾನ್ಯವಾಗಿ 111 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ, ಕೌಂಟರಿನ ಮಿತಿ 50. ಅದಕ್ಕೆ ಕಂಪನಾಂಕವನ್ನು ಮೊದಲೇ ಭಾಗಿಸಿ ಇಳಿಸುವ ಪ್ರಿಸ್ಕೇಲರ್ ಐಸಿ ಬೇಕು. ವಾಲ್ವ್ ಸೆಟ್ಟುಗಳನ್ನು ಮುಟ್ಟುವುದಾದರೆ ಸಾಕಷ್ಟು ಹೆಚ್ಚಿನ ವೋಲ್ಟೇಜಿನ ಕೆಪಾಸಿಟರ್ ಒಂದನ್ನು ಸರಣಿಯಲ್ಲಿ ಹಾಕದೆ ಮುಂದುವರಿಯಬೇಡಿ. ಅಲ್ಲಿ ಪ್ಲೇಟಿನ ಮೇಲೆ 250 ವೋಲ್ಟ್ ಇರಬಹುದು, ಕೌಂಟರಿನ ಐಸಿ ಓಡುವುದು 5 ವೋಲ್ಟಿನಲ್ಲಿ.

ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ಡೀಸೆಲ್ ಜನರೇಟರ್ ಇಟ್ಟಿದ್ದೇನೆ. ಅದರ 50 ಹರ್ಟ್ಸ್ ಸರಿಯಾಗಿದೆಯೇ ಎಂದು ಈ ಕೌಂಟರಿನಿಂದ ನೋಡಬಹುದೇ? ಮನೆಯ ಇನ್ವರ್ಟರನ್ನೂ ಅಳೆಯುವ ಆಸೆ ಇದೆ.
— ಓದುಗರು, ಪೆರ್ಲ

ಉತ್ತರ: ನೋಡಬಹುದು, ಆದರೆ ಇದು ಆ ಕೆಲಸಕ್ಕೆ ತಕ್ಕ ಉಪಕರಣವಲ್ಲ. ಒಂದು ಸೆಕೆಂಡು ಎಣಿಸುವ ಕೌಂಟರಿನಲ್ಲಿ ಎಣಿಕೆ ಯಾವಾಗಲೂ ಒಂದು ಹೆಚ್ಚು ಅಥವಾ ಒಂದು ಕಡಿಮೆ ಆಗಬಹುದು. 8 ಮೆಗಾಹರ್ಟ್ಸ್‌ನಲ್ಲಿ ಆ ಒಂದು ಎಣಿಕೆ ಲೆಕ್ಕಕ್ಕೇ ಬರುವುದಿಲ್ಲ. 50 ಹರ್ಟ್ಸ್‌ನಲ್ಲಿ ಅದು ಶೇಕಡಾ 2. ನಿಮಗೆ 0.050 ಮತ್ತು 0.051 ಮಾತ್ರ ಕಾಣುತ್ತಿರುತ್ತದೆ, ನಡುವಿನದೇನೂ ತಿಳಿಯುವುದಿಲ್ಲ. ಇಷ್ಟು ಕಡಿಮೆ ಕಂಪನಾಂಕದಲ್ಲಿ ಅಲೆಗಳನ್ನು ಎಣಿಸುವ ಬದಲು ಒಂದು ಅಲೆಯ ಕಾಲಾವಧಿಯನ್ನು, ಅಂದರೆ 20 ಮಿಲಿಸೆಕೆಂಡನ್ನು, ಅಳೆದು ಭಾಗಿಸುವ ಉಪಕರಣ ಬೇಕು. ಹರ್ಟ್ಸ್ ಅಳೆಯುವ ಸೌಲಭ್ಯವಿರುವ ಸಾಧಾರಣ ಮಲ್ಟಿಮೀಟರ್ ದಶಮಾಂಶದ ಒಂದು ಸ್ಥಾನದವರೆಗೆ ಇದನ್ನು ತೋರಿಸುತ್ತದೆ, ನಿಮ್ಮ ಕೆಲಸಕ್ಕೆ ಅಷ್ಟೇ ಸಾಕು. ಅರ್ಡುಯಿನೊದಿಂದ ಸ್ವತಃ ಮಾಡಿಕೊಳ್ಳುವ ಉತ್ಸಾಹವಿದ್ದರೆ, ಊನೊ ಬೋರ್ಡುಗಳಲ್ಲಿ ಅನೇಕವು ಕ್ರಿಸ್ಟಲಿನ ಬದಲು ಸಿರಾಮಿಕ್ ರೆಸೊನೇಟರ್ ಬಳಸುತ್ತವೆ ಎಂಬುದು ನೆನಪಿರಲಿ. ಅದರ ಸಡಿಲ ಶೇಕಡಾ 0.5 ರವರೆಗೂ ಇರಬಹುದು, ಅಂದರೆ 50 ಹರ್ಟ್ಸ್‌ನಲ್ಲಿ ಕಾಲು ಹರ್ಟ್ಸ್.

ನೀವು ಮಾಡಿದ ಮೀಟರ್ ಸರಿಯೇ ಎಂದು ನೋಡಲು ಗೋಡೆಯ ವಿದ್ಯುತ್ತೇ ಸಾಕು. ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳಕ್ಕೆ ಸೇರಿತು. ಜಾಲದ ನಿಯಮಾವಳಿಯ ಪ್ರಕಾರ ಕಂಪನಾಂಕ 49.90 ಮತ್ತು 50.05 ರ ನಡುವೆ ಇರಬೇಕು. ಜನರೇಟರಿನ ಮೀಟರಿಗೆ ಇಷ್ಟು ಆಧಾರ ಧಾರಾಳವಾಯಿತು. ಆದರೆ ಗೋಡೆಯ 50 ಹರ್ಟ್ಸ್ ನೋಡಿ ಕೌಂಟರಿನ ಕ್ರಿಸ್ಟಲನ್ನು ಹೊಂದಿಸಲು ಹೊರಡುವುದು ವ್ಯರ್ಥ ಶ್ರಮ. ಆ ಏರಿಳಿತ ಕ್ರಿಸ್ಟಲಿನ ತಪ್ಪಿಗಿಂತ ಎಷ್ಟೋ ಪಟ್ಟು ದೊಡ್ಡದು.

230 ವೋಲ್ಟಿನ ತಂತಿಯನ್ನು ಯಾವ ಕಾರಣಕ್ಕೂ ಕೌಂಟರಿಗೆ ನೇರವಾಗಿ ತರಬೇಡಿ. 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿನ ಎಸಿ ಔಟ್‌ಪುಟ್ ತೆಗೆದುಕೊಂಡು, 10 ಕಿಲೊಓಮ್ ರೆಸಿಸ್ಟರನ್ನು ಸರಣಿಯಲ್ಲಿಯೂ, 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಗ್ರೌಂಡಿಗೂ ಹಾಕಿ. ಇದು ಸುಮಾರು 160 ಹರ್ಟ್ಸ್‌ಗಿಂತ ಮೇಲಿನ ಗದ್ದಲವನ್ನು ತಗ್ಗಿಸುತ್ತದೆ. ಚೌಕದಂಥ ಅಲೆ ಕೊಡುವ ಅಗ್ಗದ ಇನ್ವರ್ಟರಿಗೆ ಇದು ಬೇಕೇ ಬೇಕು. ಜನರೇಟರ್ ಪಂಪಿಲ್ಲದೆ ಓಡುವಾಗ 52 ರ ಹತ್ತಿರ ಇದ್ದು, ಪಂಪ್ ಹಾಕಿದಾಗ 50 ಕ್ಕೆ ಇಳಿದರೆ ಅದು ಎಂಜಿನ್ನಿನ ವೇಗ ನಿಯಂತ್ರಿಸುವ ಗವರ್ನರಿನ ಸಹಜ ವರ್ತನೆ. ತಿರುಪು ತಿರುಗಿಸಲು ಹೋಗಬೇಡಿ.

ಪ್ರಶ್ನೆ: ಹೈಸ್ಕೂಲಿನಲ್ಲಿ ವಿಜ್ಞಾನ ಅಧ್ಯಾಪಕನಾಗಿದ್ದೇನೆ. ದುಬಾರಿಯ ಪ್ರಮಾಣ ಉಪಕರಣವಿಲ್ಲದೆ ಈ ಕೌಂಟರನ್ನು ವಿಶ್ವಾಸಾರ್ಹವಾಗಿ ಹೊಂದಿಸುವ ದಾರಿ ಇದೆಯೇ? ರೇಡಿಯೊ ನಿಲ್ದಾಣಗಳನ್ನೇ ಆಧಾರವಾಗಿ ಬಳಸಬಹುದೇ?
— ಓದುಗರು, ಮಂಜೇಶ್ವರ

ಉತ್ತರ: ಇದೆ, ಮತ್ತು ಇಂದಿನ ದಿನ ಅದು ರೇಡಿಯೊಗಿಂತ ಜಿಪಿಎಸ್ ಮೂಲಕ ಸುಲಭ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ; ಅಗ್ಗದ ಜಿಪಿಎಸ್ ಮಾಡ್ಯೂಲ್ ಆ ಗಡಿಯಾರಗಳ ಸಮಯವನ್ನು ಹಿಂಬಾಲಿಸಿ ತನ್ನ ಟೈಮ್‌ಪಲ್ಸ್ ಕಾಲಿನಲ್ಲಿ ಮಿಡಿತಗಳನ್ನು ಕೊಡುತ್ತದೆ. ಆದರೆ ಮಾಡ್ಯೂಲ್ ಆರಿಸುವಾಗ ಎಚ್ಚರ ಬೇಕು. ಎಲ್ಲೆಡೆ ಸಿಗುವ ಯೂ-ಬ್ಲಾಕ್ಸ್ ನಿಯೋ-6ಎಂ ಮಾಡ್ಯೂಲಿನ ಟೈಮ್‌ಪಲ್ಸ್ 1 ಕಿಲೊಹರ್ಟ್ಸ್‌ಗಿಂತ ಮೇಲೆ ಹೋಗುವುದಿಲ್ಲ. 1 ಕಿಲೊಹರ್ಟ್ಸ್‌ನಲ್ಲಿ ನಿಮ್ಮ ಕೌಂಟರಿನ ಕೊನೆಯ ಅಂಕಿ 1 ಹರ್ಟ್ಸ್, ಅಂದರೆ ಸಾವಿರದಲ್ಲಿ ಒಂದು ಭಾಗ. ಎಷ್ಟೇ ನಿಖರವಾದ ಮಿಡಿತವಾದರೂ ಕೌಂಟರಿಗೆ ಅದು ಕಾಣುವುದಿಲ್ಲ. ನಿಯೋ-7ಎಂ ಮಾಡ್ಯೂಲಿನಲ್ಲಿ ಟೈಮ್‌ಪಲ್ಸನ್ನು 10 ಮೆಗಾಹರ್ಟ್ಸ್‌ವರೆಗೂ ಏರಿಸಬಹುದು. ಆದ್ದರಿಂದ ಅದನ್ನೇ ಕೊಳ್ಳಿ.

ಏರಿಸಬಹುದೆಂದು 10 ಮೆಗಾಹರ್ಟ್ಸ್‌ಗೆ ಹಾಕಬೇಡಿ, 8 ಮೆಗಾಹರ್ಟ್ಸ್‌ಗೆ ಹಾಕಿ. ಇದಕ್ಕೆ ಎರಡು ಕಾರಣಗಳಿವೆ. ಮಾಡ್ಯೂಲಿನ ಒಳಗಿನ ಗಡಿಯಾರ 48 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. 48 ನ್ನು 6 ರಿಂದ ಭಾಗಿಸಿದರೆ 8 ಶುದ್ಧವಾಗಿ ಬರುತ್ತದೆ, ಆದರೆ 10 ಬರಬೇಕಾದರೆ ಒಮ್ಮೆ ನಾಲ್ಕು, ಒಮ್ಮೆ ಐದು ಎಂದು ಬೆರೆಸಬೇಕಾಗಿ ಅಲೆಗಳು ಅಸಮವಾಗುತ್ತವೆ. ಇನ್ನೊಂದು ಕಾರಣವನ್ನು ಬದಿಯಡ್ಕದ ಓದುಗರಿಗೆ ಹೇಳಿಯಾಗಿದೆ: 8.0000 ಎಂಬ ಓದು 10.000 ಎಂಬ ಓದಿಗಿಂತ ಎಂಟು ಪಟ್ಟು ಸೂಕ್ಷ್ಮ. ಕಂಪ್ಯೂಟರಿನಲ್ಲಿ ಯೂ-ಸೆಂಟರ್ ತಂತ್ರಾಂಶದ ಮೂಲಕ ಈ ಬದಲಾವಣೆ ಮಾಡಬಹುದು. ಅಲ್ಲಿ ಉಪಗ್ರಹ ಸಿಕ್ಕಿದಾಗಿನ ಕಂಪನಾಂಕ, ಸಿಗದಿದ್ದಾಗಿನ ಕಂಪನಾಂಕ ಎಂದು ಎರಡನ್ನು ಬೇರೆ ಬೇರೆಯಾಗಿ ಕೊಡುವ ಅವಕಾಶವಿದೆ. ಉಪಗ್ರಹ ಸಿಗದಿದ್ದಾಗ ಮಿಡಿತವೇ ಬಾರದಂತೆ ಇಡುವುದು ಕ್ಷೇಮ, ಇಲ್ಲವಾದರೆ ಮಾಡ್ಯೂಲ್ ತನ್ನ ಸ್ವಂತ ಕ್ರಿಸ್ಟಲಿನ ಆಧಾರದಲ್ಲಿ ಕೊಡುವ ಸಂಕೇತವನ್ನು ನೀವು ಪ್ರಮಾಣವೆಂದು ನಂಬಿಬಿಡುವ ಅಪಾಯವಿದೆ. ಸಣ್ಣ ಬೋರ್ಡುಗಳಲ್ಲಿ ಟೈಮ್‌ಪಲ್ಸ್ ಕಾಲನ್ನು ಕೆಲವೊಮ್ಮೆ ಎಲ್‌ಇಡಿಗೆ ಮಾತ್ರ ಜೋಡಿಸಿರುತ್ತಾರೆ. ಆಗ ಮಾಡ್ಯೂಲಿನ 3ನೆಯ ಕಾಲಿಗೆ ತೆಳುವಾದ ತಂತಿ ಬೆಸೆಯಬೇಕಾಗುತ್ತದೆ.

ಜಿಪಿಎಸ್ ಆಂಟೆನಾಗೆ ತೆರೆದ ಆಕಾಶ ಬೇಕು. ತೆಂಗು, ಕಂಗುಗಳ ನಡುವಿನ ಮನೆಯ ಚಾವಡಿಯಲ್ಲಿ ಕೂತು ಉಪಗ್ರಹಕ್ಕಾಗಿ ಕಾಯುವುದಕ್ಕಿಂತ ಶಾಲೆಯ ಆಟದ ಬಯಲಿಗೆ ಬದಿಯ ಕಿಟಕಿ ಉತ್ತಮ. ಮಾಡ್ಯೂಲ್ ಸ್ಥಿರವಾಗಿ ಸಮಯ ಹಿಡಿದ ಮೇಲೆ, ಕೌಂಟರನ್ನು ಅದರ ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಓಡಿಸಿ ಬಿಸಿ ನೆಲೆಗೊಳ್ಳಲು ಬಿಡಿ, ಬಳಿಕ ಟ್ರಿಮ್ಮರಿಗೆ ಕೈ ಹಾಕಿ. ಲೋಹದ ಸ್ಕ್ರೂಡ್ರೈವರ್ ಹತ್ತಿರ ಬಂದರೇ ಓದು ಬದಲಾಗುವುದರಿಂದ ಪ್ಲಾಸ್ಟಿಕ್‌ನದನ್ನು ಬಳಸಿ.

ಯಾವ ಕಡೆ ತಿರುಗಿಸಬೇಕೆಂಬುದನ್ನು ಮಕ್ಕಳಿಗೆ ಯೋಚಿಸಲು ಬಿಡಬಹುದು, ಏಕೆಂದರೆ ಇಲ್ಲಿ ಹೆಚ್ಚಿನವರ ಮೊದಲ ಊಹೆ ತಪ್ಪಾಗುತ್ತದೆ. ಓದು ಹೆಚ್ಚು ಬರುತ್ತಿದ್ದರೆ ಕೌಂಟರಿನ ಕ್ರಿಸ್ಟಲ್ ನಿಧಾನವಾಗಿದೆ ಎಂದರ್ಥ: ಕ್ರಿಸ್ಟಲ್ ನಿಧಾನವಾದರೆ ಗೇಟ್, ಅಂದರೆ ಎಣಿಸುವ ಹೊತ್ತಿನಲ್ಲಿ ಅಲೆಗಳನ್ನು ಒಳಬಿಡುವ ಬಾಗಿಲು, ಹೆಚ್ಚು ಹೊತ್ತು ತೆರೆದಿರುತ್ತದೆ, ಹೆಚ್ಚು ಅಲೆಗಳು ಒಳಗೆ ಬರುತ್ತವೆ. ಅದನ್ನು ವೇಗಗೊಳಿಸಲು ಟ್ರಿಮ್ಮರಿನ ಕೆಪಾಸಿಟನ್ಸ್ ಕಡಿಮೆ ಮಾಡಬೇಕು. ಟ್ರಿಮ್ಮರಿನ ಪೂರ್ಣ ಸುತ್ತಿನಲ್ಲೂ ಸರಿಯಾದ ಜಾಗ ಸಿಗದಿದ್ದರೆ ಕ್ರಿಸ್ಟಲಿನ ಇನ್ನೊಂದು ಕಾಲಿನಲ್ಲಿರುವ ಕೆಪಾಸಿಟರನ್ನು ಒಂದು ಹೆಜ್ಜೆ ಹೆಚ್ಚಿನ ಅಥವಾ ಕಡಿಮೆ ಬೆಲೆಯದಕ್ಕೆ ಬದಲಿಸಿ.

ಈಗ ಟ್ರಿಮ್ಮರನ್ನು ನಿಧಾನವಾಗಿ ತಿರುಗಿಸಿ, ಓದು 7.9999 ಮತ್ತು 8.0000 ರ ನಡುವೆ ತುಯ್ದಾಡುವ ಸ್ಥಾನಕ್ಕೆ ಪೆನ್ಸಿಲಿನ ಗುರುತು ಹಾಕಿ. ಮತ್ತೆ ತಿರುಗಿಸಿ, 8.0000 ಮತ್ತು 8.0001 ರ ನಡುವೆ ತುಯ್ದಾಡುವ ಸ್ಥಾನಕ್ಕೂ ಗುರುತು ಹಾಕಿ. ಟ್ರಿಮ್ಮರನ್ನು ಇವೆರಡರ ನಡುವೆ ನಿಲ್ಲಿಸಿದರೆ, ಕೌಂಟರಿನ ಪ್ರೋಗ್ರಾಂ ಕೊನೆಯ ಅಂಕಿಯ ಆಚೆಗಿನದನ್ನು ಕತ್ತರಿಸಿ ಎಸೆಯುವಂಥದ್ದಾಗಿದ್ದರೂ ಉಳಿಯುವ ತಪ್ಪು 50 ಹರ್ಟ್ಸ್, ಅಂದರೆ ಸುಮಾರು 6 ಪಿಪಿಎಂ ದಾಟುವುದಿಲ್ಲ. ಈ ಬೆಲೆಯ ಉಪಕರಣದಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ.

ಕೆಲವರು ಇನ್ನೊಂದು ಕೌಂಟರಿನ ಪ್ರೋಬನ್ನು ಈ ಕೌಂಟರಿನ 20 ಮೆಗಾಹರ್ಟ್ಸ್ ಕ್ರಿಸ್ಟಲಿನ ಕಾಲಿಗೆ ಮುಟ್ಟಿಸಿ ಹೊಂದಿಸುವ ಸಲಹೆ ಕೊಡುತ್ತಾರೆ. ಅದನ್ನು ಪಾಲಿಸಬೇಡಿ. ಪ್ರೋಬಿನ ಕೆಪಾಸಿಟನ್ಸೇ ಕ್ರಿಸ್ಟಲನ್ನು ಕೆಳಗೆಳೆಯುತ್ತದೆ. ಪ್ರೋಬ್ ಇದ್ದಾಗ ಸರಿಯಾದದ್ದು ಪ್ರೋಬ್ ತೆಗೆದೊಡನೆ ತಪ್ಪುತ್ತದೆ.

ರೇಡಿಯೊ ನಿಲ್ದಾಣಗಳ ವಿಷಯಕ್ಕೆ ಬರೋಣ. ಎಫ್‌ಎಂ ನಿಲ್ದಾಣಗಳು ಆಧಾರವಾಗಲಾರವು, ಮಾತು ಮತ್ತು ಸಂಗೀತಕ್ಕೆ ತಕ್ಕಂತೆ ಅವುಗಳ ಕಂಪನಾಂಕವೇ 75 ಕಿಲೊಹರ್ಟ್ಸ್‌ವರೆಗೆ ಅತ್ತಿತ್ತ ಓಲಾಡುತ್ತಿರುತ್ತದೆ. ಕಿರುತರಂಗದಲ್ಲಿ ಚೀನಾದ ಬಿಪಿಎಂ ಎಂಬ ಸಮಯ ನಿಲ್ದಾಣ 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿನ ಟಿಕ್ ಟಿಕ್ ಸದ್ದಿನೊಂದಿಗೆ ಪ್ರಸಾರ ಮಾಡುತ್ತದೆ. ರಾತ್ರಿ ಹೊತ್ತು ಉದ್ದದ ತಂತಿಯ ಆಂಟೆನಾದಲ್ಲಿ ಅದನ್ನು ಹಿಡಿಯಲು ಪ್ರಯತ್ನಿಸಬಹುದು. 10 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಕೌಂಟರ್‌ಗಳಿಗೆ, ಉದಾಹರಣೆಗೆ ಐಸಿಎಂ 7216 ಐಸಿಯ ಹಳೆಯ ಎಂಟಂಕಿ ಕೌಂಟರ್‌ಗಳಿಗೆ, ಇದು ಚೆನ್ನಾಗಿ ಹೊಂದುತ್ತದೆ. ಕೌಂಟರನ್ನು ರೇಡಿಯೊದ ಹತ್ತಿರ ಇಟ್ಟರೆ ಅದರ ಕ್ರಿಸ್ಟಲಿನ ಸೋರಿಕೆಯೂ ನಿಲ್ದಾಣವೂ ಬೆರೆತು ಧ್ವನಿ ಏರಿ ಇಳಿಯುತ್ತದೆ. ಆ ಏರಿಳಿತ ಸೆಕೆಂಡಿಗೆ ಒಂದಕ್ಕೆ ಬಂದರೆ ವ್ಯತ್ಯಾಸ 1 ಹರ್ಟ್ಸ್, ಅಂದರೆ 0.1 ಪಿಪಿಎಂ. ನಿಮ್ಮ ಕಿಟ್ಟಿನ ಕ್ರಿಸ್ಟಲ್ 20 ಮೆಗಾಹರ್ಟ್ಸ್‌ನದ್ದು. ಆ ಕಂಪನಾಂಕದಲ್ಲಿ ಬಿಪಿಎಂ ಇಲ್ಲ. ಅಮೆರಿಕದ ಡಬ್ಲ್ಯುಡಬ್ಲ್ಯುವಿ ಇದ್ದರೂ ಅದನ್ನು ನಂಬಿ ಕೂರುವಷ್ಟು ನಿಯತವಾಗಿ ಕರಾವಳಿಯಲ್ಲಿ ಕೇಳಿಸದು.

ಪ್ರಶ್ನೆ: ಬೇಸಿಗೆಯಲ್ಲಿ ಜಿಪಿಎಸ್ ನೋಡಿ 8.0000 ಕ್ಕೆ ಹೊಂದಿಸಿದ್ದ ಕೌಂಟರ್ ಆಟಿ ತಿಂಗಳ ಮಳೆಯಲ್ಲಿ 8.0003 ತೋರಿಸುತ್ತಿದೆ. ತಾಪಮಾನದ ಕಾರಣವೇ? ಮತ್ತೆ ಹೊಂದಿಸಲೇ?
— ಓದುಗರು, ಮುಳ್ಳೇರಿಯ

ಉತ್ತರ: ಈಗಲೇ ಹೊಂದಿಸಬೇಡಿ. 8 ಮೆಗಾಹರ್ಟ್ಸ್‌ನಲ್ಲಿ 300 ಹರ್ಟ್ಸ್ ಎಂದರೆ 37 ಪಿಪಿಎಂಗೂ ಹೆಚ್ಚು. ಕಿಟ್‌ಗಳಲ್ಲಿ ಬರುವ ಸಾಮಾನ್ಯ ಕ್ರಿಸ್ಟಲ್ ಕೋಣೆಯ ತಾಪಮಾನದ ಸುತ್ತ ಹತ್ತು ಡಿಗ್ರಿ ಬದಲಾದಾಗ ಕೆಲವೇ ಪಿಪಿಎಂ ಸರಿಯುತ್ತದೆ, ಐದಂಕಿಯ ಡಿಸ್‌ಪ್ಲೇಯಲ್ಲಿ ಅದು ಸಾಮಾನ್ಯವಾಗಿ ಕಾಣುವುದೂ ಇಲ್ಲ. ಒಂದು ವರ್ಷದ ವಯಸ್ಸಿನಿಂದ ಬರುವ ಬದಲಾವಣೆಯೂ ಅಷ್ಟೇ ಸಣ್ಣದು. ಮೂರು ಅಂಕಿ ಸರಿದಿದೆಯೆಂದರೆ ಕಾರಣ ಬೇರೆ ಇರಬೇಕು.

ಓದು ಹೆಚ್ಚಾಗಿರುವುದರಿಂದ ಕ್ರಿಸ್ಟಲ್ ನಿಧಾನವಾಗಿದೆ, ಅಂದರೆ ಅದರ ಕಾಲುಗಳಲ್ಲಿ ಎಲ್ಲಿಂದಲೋ ಕೆಪಾಸಿಟನ್ಸ್ ಸೇರಿಕೊಂಡಿದೆ. ಮಳೆಗಾಲದಲ್ಲಿ ಮೊದಲು ಸಂಶಯಿಸಬೇಕಾದದ್ದು ಬೆಸುಗೆಯ ನಂತರ ಒರೆಸದೆ ಬಿಟ್ಟ ಫ್ಲಕ್ಸ್ ಮತ್ತು ತೆರೆದ ಬಗೆಯ ಟ್ರಿಮ್ಮರ್. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಫ್ಲಕ್ಸಿನ ಅಂಟು ಗಾಳಿಯ ತೇವವನ್ನು ಹೀರಿ ಕ್ರಿಸ್ಟಲಿನ ಕಾಲುಗಳ ನಡುವೆ ತೆಳುವಾದ ಪದರವಾಗುತ್ತದೆ. ಬೋರ್ಡಿನ ಎರಡೂ ಬದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಅರ್ಧ ಗಂಟೆ ಓಡಿಸಿ ಮತ್ತೆ ಜಿಪಿಎಸ್‌ನೊಂದಿಗೆ ಹೋಲಿಸಿ. ಓದು ಹಿಂದಕ್ಕೆ ಬಂದರೆ ಕಾರಣ ಸಿಕ್ಕಿತು. ಟ್ರಿಮ್ಮರನ್ನು ಮುಟ್ಟುವ ಅಗತ್ಯವೇ ಇಲ್ಲ. ಬಾರದಿದ್ದರೆ ಕ್ರಿಸ್ಟಲ್, ಅದರ ಎರಡು ಕೆಪಾಸಿಟರ್‌ಗಳು ಮತ್ತು ಟ್ರಿಮ್ಮರಿನ ಕಾಲುಗಳಿಗೆ ಹೊಸದಾಗಿ ಬೆಸುಗೆ ಹಾಕಿ. ಪ್ಲಾಸ್ಟಿಕ್ ಕಡ್ಡಿಯಿಂದ ಟ್ರಿಮ್ಮರನ್ನು ಮೆಲ್ಲಗೆ ತಟ್ಟಿದಾಗ ಓದು ಹಾರಿದರೆ ಅದನ್ನು ಬದಲಿಸಿ.

ಪೆಟ್ಟಿಗೆಯ ಒಳಗಿನ ಬಿಸಿಯ ಬಗ್ಗೆ ಒಂದು ಮಾತು. 12 ವೋಲ್ಟಿನ ಅಡಾಪ್ಟರಿನಿಂದ ಓಡಿಸಿದರೆ, ಕೌಂಟರ್ 100 ಮಿಲಿಆಂಪಿಯರ್ ಎಳೆಯುವಾಗ 7805 ರಲ್ಲಿ 0.7 ವ್ಯಾಟ್ ಬಿಸಿಯಾಗುತ್ತದೆ. 9 ವೋಲ್ಟಿನಲ್ಲಿ 0.4 ವ್ಯಾಟ್. ರೆಗ್ಯುಲೇಟರನ್ನು ಕ್ರಿಸ್ಟಲಿನಿಂದ ದೂರ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಇರಿಸಿ ಗಾಳಿಗೆ ಕೆಲವು ತೂತು ಕೊರೆದರೆ ಸಾಕು. ಆದರೆ ಆ ತೂತುಗಳನ್ನು ಮಳೆಗಾಲದಲ್ಲಿ ಬಳಸದೆ ಇರುವಾಗ ಟೇಪು ಹಾಕಿ ಮುಚ್ಚಿಡಿ. ತುಲಾ ಮಾಸದ ಗುಡುಗು ಮಿಂಚಿನ ಸಂಜೆಗಳಲ್ಲಿ ಜಿಪಿಎಸ್ ಆಂಟೆನಾ ಹಾಗೂ ಅಡಾಪ್ಟರ್ ಎರಡನ್ನೂ ಕಳಚಿಡಿ.